ತೂಕದ ಸಾಹೇಬರ ಎರಡನೆಯ ಕುರ್ಚಿ

ತೂಕದ ಸಾಹೇಬರು ತೀರಿಕೊಂಡರೆಂದು ಹೊಳೆನರಸೀಪುರದಿಂದ ಅವರ ಮಗಳು ಫೋನು ಮಾಡಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಅವರ ಕರವಸ್ತ್ರ. ನಾಲ್ಕು ಮಡಿಕೆಯ ಬಿಳೀ ಕರವಸ್ತ್ರ, ಯಾವಾಗಲೂ ಎಡಗಡೆ ಜೇಬಿನಲ್ಲಿ. ಅದರಲ್ಲಿ ಅವರು ಮುಖ ಒರೆಸಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡದ್ದು ಒಂದೇ ಸಲ. ಮಿಕ್ಕಂತೆ ಅದಿದ್ದದ್ದು ಬಟ್ಟು ಎತ್ತಲಿಕ್ಕೆ.

ಬಟ್ಟು ಎಂದರೆ ತೂಕದ ಬಟ್ಟು. ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದರು. ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಎಂದು ಸಂತೆಯಿಂದ ಸಂತೆಗೆ ಹೋಗಿ ವ್ಯಾಪಾರಿಗಳ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವರ ಕೆಲಸ. ಜೊತೆಯಲ್ಲೊಂದು ಮರದ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನ ಗೂಡುಗಳಲ್ಲಿ ಸರ್ಕಾರದ ಹಿತ್ತಾಳೆ ಬಟ್ಟುಗಳು. ಊರಿನ ಬಟ್ಟುಗಳನ್ನೆಲ್ಲ ಅವಕ್ಕೆ ಹೋಲಿಸಿ ನೋಡಬೇಕು. ಅವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. “ಕೈ ಜಿಡ್ಡೂ ತೂಗುತ್ತೆ ಕಣಯ್ಯಾ ನಕ್ಷೆ,” ಎನ್ನುತ್ತಿದ್ದರು. ನಾನು ಹಾಸನದ ನಾಲಾ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ, ಹಾಗಾಗಿ ಅವರ ಬಾಯಲ್ಲಿ ನಾನು ನಕ್ಷೆ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಅನುಮಾನ.

ಯಾರಾದರೂ ಏನಾದರೂ ಗೆದ್ದೆ ಎಂದರೆ ಅವರದು ಒಂದೇ ಪ್ರಶ್ನೆ: “ಎದುರಿಗೆ ಯಾರಿದ್ರು?” ನನ್ನ ಮಗಳು ಸ್ಕೂಲಿಗೆ ಮೊದಲು ಬಂದಳೆಂದು ಪೇಡ ಕೊಟ್ಟರೆ, “ಸಂತೋಷ. ಮಿಕ್ಕ ಮಕ್ಕಳು ಎಂಥೋರು?” ಎಂದು ಕೇಳಿದ ಪುಣ್ಯಾತ್ಮರು. ನನ್ನ ಹೆಂಡತಿ ಆವತ್ತಿನಿಂದ ಅವರ ಕಾಫಿಗೆ ಸಕ್ಕರೆ ಕಡಿಮೆ ಮಾಡಿದಳು. ಅವರಿಗದು ಗೊತ್ತಾಗಲೇ ಇಲ್ಲ.

ಅವರಿಗೆ ಗೊತ್ತಾಗುತ್ತಿದ್ದದ್ದು ಎರಡೇ, ತಕ್ಕಡಿ ಮತ್ತು ಬ್ರಿಡ್ಜ್. ತೊಂಬತ್ತರ ದಶಕದಲ್ಲಿ ಹಾಸನದ ನಮ್ಮ ಕ್ಲಬ್ಬಿನಲ್ಲಿ ಸಂಜೆಯಾದರೆ ಬ್ರಿಡ್ಜ್ ನಡೆಯುತ್ತಿತ್ತು. ಇಸ್ಪೀಟಿನಲ್ಲೇ ಆಡುವ ಆಟ, ಆದರೆ ತಲೆ ಬೇಡುವ ಆಟ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ಸಾಹೇಬರ ಜೋಡಿ ಅರಕಲಗೂಡಿನ ದನದ ಡಾಕ್ಟರು. ದಪ್ಪನೆಯ, ಸದಾ ನಗುವ ಮನುಷ್ಯ. ಎಷ್ಟು ಸೋಪು ಹಾಕಿ ಕೈ ತೊಳೆದರೂ ಕೊಟ್ಟಿಗೆಯ ವಾಸನೆ ಅವರನ್ನು ಬಿಡುತ್ತಿರಲಿಲ್ಲ. ವಾರಕ್ಕೆರಡು ದಿನ ಸ್ಕೂಟರಿನಲ್ಲಿ ಬರುತ್ತಿದ್ದರು. ಹನ್ನೊಂದು ವರ್ಷ ಇಬ್ಬರೂ ಎದುರುಬದುರು ಕೂತರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಯಾವ ಎಲೆ ಎಂದು ತಿಳಿಯುತ್ತಿತ್ತೆಂದು ನಾವು ರೇಗಿಸುತ್ತಿದ್ದೆವು. ಹಾಗೆ ಕೆಮ್ಮುವುದು ಆಟದಲ್ಲಿ ಮಹಾಪರಾಧ, ಸಾಹೇಬರು ಅದಕ್ಕೇ ಕೆಂಡವಾಗುತ್ತಿದ್ದರು.

ಒಂದು ವರ್ಷ ಕ್ಲಬ್ಬಿನ ಕಪ್ಪಿನ ಕೊನೆಯ ಪಂದ್ಯ. ಕೊನೆಯ ಆಟದಲ್ಲಿ, ಬ್ರಿಡ್ಜಿನ ಪದ್ಧತಿಯಂತೆ, ಸಾಹೇಬರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿ ಸುಮ್ಮನೆ ಕೂತಿದ್ದರು, ಇಬ್ಬರ ಪರವಾಗಿಯೂ ಆಡಬೇಕಾದವರು ಡಾಕ್ಟರು. ಸೋಲು ಗೆಲುವು ಬಂದು ನಿಂತದ್ದು ತುರುಫಿನ ರಾಣಿಯ ಮೇಲೆ. ಅದು ಎಡಗಡೆಯವರ ಕೈಯಲ್ಲಿದೆಯೋ ಬಲಗಡೆಯವರ ಕೈಯಲ್ಲಿದೆಯೋ? ದಾರಿ ಎರಡು. ಎಕ್ಕ, ರಾಜ ಎರಡನ್ನೂ ಒಂದರ ಹಿಂದೊಂದು ಮೇಜಿಗೆ ಬಿಟ್ಟು, ರಾಣಿ ತಾನಾಗಿ ಬೀಳುತ್ತದೇನೋ ಎಂದು ನೋಡುವುದು ಒಂದು. ರಾಣಿ ಎಡಗಡೆ ಇದೆಯೆಂದು ಭಾವಿಸಿ ಗುಲಾಮನನ್ನು ಆಡಿ ಹಿಡಿಯುವುದು ಇನ್ನೊಂದು. ಡಾಕ್ಟರು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದು ಗುಲಾಮನನ್ನು ಆಡಿದರು. ಬಲಗಡೆ ಕೂತಿದ್ದ ವಯಸ್ಸಾದ ವಕೀಲರು ನಡುಗುವ ಕೈಯಲ್ಲಿ ರಾಣಿಯನ್ನು ಹಾಕಿ ಹೊಡೆದುಬಿಟ್ಟರು. ಅವರ ಹತ್ತಿರ ರಾಣಿಯ ಜೊತೆಗೆ ಇದ್ದದ್ದು ಇನ್ನೊಂದೇ ತುರುಫು. ಎಕ್ಕ ರಾಜ ಬಿಟ್ಟಿದ್ದರೆ ರಾಣಿ ಬೀಳುತ್ತಿತ್ತು, ಕಪ್ಪು ಬರುತ್ತಿತ್ತು.

“ಅರಕಲಗೂಡಿನ ಹಸುಗಳಿಗೂ ಗೊತ್ತಾಗ್ತಿತ್ತಲ್ರೀ ಎಕ್ಕ ರಾಜ ಬಿಡ್ಬೇಕು ಅಂತ!” ಸಾಹೇಬರು ಎಲ್ಲರ ಮುಂದೆ ಕೂಗಿದರು. “ದನದ ಬಾಯಿ ನೋಡೋರನ್ನ ತಂದು ಎದುರಿಗೆ ಕೂರಿಸ್ಕೊಂಡಿದ್ದು ನನ್ನ ತಪ್ಪು.”

ಕ್ಲಬ್ಬು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಹೆಲ್ಮೆಟ್ಟು ತೆಗೆದುಕೊಂಡು ಎದ್ದರು. ಅವರ ಮುಖದಲ್ಲಿ ಎಂದಿನ ನಗುವೇ ಇತ್ತು. “ಬೇರೆ ಟೇಬಲ್ಲಲ್ಲಿ ಕೇಳಿ ನೋಡಿ ಸಾಹೇಬ್ರೇ,” ಎಂದಷ್ಟೇ ಹೇಳಿ ಹೋದರು.

ಬೇರೆ ಟೇಬಲ್ಲು ಎಲ್ಲಿಂದ ಬರಬೇಕು? ಕೊನೆಯ ಪಂದ್ಯ, ಇದ್ದದ್ದು ಒಂದೇ ಟೇಬಲ್ಲು. ಸಾಹೇಬರು ಮಾತ್ರ ಮನೆಗೆ ಹೋಗಿ ಆ ಆಟದ ಐವತ್ತೆರಡೂ ಎಲೆಗಳನ್ನು, ಯಾವುದು ಯಾರ ಕೈಯಲ್ಲಿತ್ತೆಂದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಮುಂದಿನ ಸಲ ಡಾಕ್ಟರು ಬಂದಾಗ ಮುಖಕ್ಕೆ ಹಿಡಿದು ತೋರಿಸಬೇಕೆಂದು.

ಡಾಕ್ಟರು ಬರಲಿಲ್ಲ. ಎಂಟನೆಯ ದಿನ ಅರಕಲಗೂಡಿನ ಹತ್ತಿರದ ಹಳ್ಳಿಯೊಂದರಲ್ಲಿ ಹಸುವಿಗೆ ಹೆರಿಗೆ ಮಾಡಿಸಿ, ಕರು ಎದ್ದು ನಿಂತದ್ದನ್ನು ನೋಡಿ, ಸುಸ್ತು ಎಂದು ಕೊಟ್ಟಿಗೆಯ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸಾಹೇಬರು ಸಂಸ್ಕಾರಕ್ಕೆ ಬಂದಿದ್ದರು. ದೂರದಲ್ಲಿ ಹೊಂಗೆಯ ಮರದ ಕೆಳಗೆ ನಿಂತಿದ್ದು, ಡಾಕ್ಟರ ಹೆಂಡತಿಯನ್ನು ಮಾತಾಡಿಸದೆ ಹೊರಟುಹೋದರು. ಆಮೇಲೆ ಕ್ಲಬ್ಬಿಗೆ ಕಾಲಿಡಲಿಲ್ಲ, ಇಸ್ಪೀಟು ಮುಟ್ಟಲಿಲ್ಲ. ಹಾಗೇ ನಿವೃತ್ತರಾಗಿ ತಮ್ಮ ಊರು ಹೊಳೆನರಸೀಪುರ ಸೇರಿದರು.

ಅವರನ್ನು ಮತ್ತೆ ಎಳೆದು ತಂದದ್ದು ನಾನು. ಎರಡು ಸಾವಿರ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಹಾಲಿನ ಬೂತಿನ ಮೇಲಿನ ಮಹಡಿಯಲ್ಲಿ ಒಂದು ಸೈಬರ್ ಸೆಂಟರ್ ಆಗಿತ್ತು. ನಡೆಸುತ್ತಿದ್ದವಳು ಬಾಗೂರಿನ ಕಡೆಯ ಹೆಣ್ಣುಮಗಳು, ಭಾರೀ ಚುರುಕು. ಕಂಪ್ಯೂಟರಿನಲ್ಲಿ ಊರೂರಿನವರ ಜೊತೆ ಬ್ರಿಡ್ಜ್ ಆಡಬಹುದೆಂದು ನನಗೆ ತಿಳಿಸಿಕೊಟ್ಟವಳು ಅವಳೇ. ಸಾಹೇಬರನ್ನು ಬಲವಂತದಿಂದ ಬಸ್ಸು ಹತ್ತಿಸಿಕೊಂಡು ಬಂದೆ. ಒಂದು ಆಟ ಮುಗಿದ ಕೂಡಲೇ ಪರದೆಯ ಮೇಲೊಂದು ಪಟ್ಟಿ ಮೂಡಿತು. ನಾವು ಆಡಿದ ಅವವೇ ಎಲೆಗಳನ್ನು ಇನ್ನೂ ಹದಿನೈದು ಟೇಬಲ್ಲುಗಳಲ್ಲಿ ಬೇರೆ ಬೇರೆ ಜನ ಆಡಿದ್ದರು. ಅವರಿಗೆಷ್ಟು, ನಮಗೆಷ್ಟು ಎಂದು ಹೋಲಿಸಿ ತೋರಿಸುತ್ತಿತ್ತು.

ಸಾಹೇಬರ ಮುಖದ ಬಣ್ಣವೇ ಹೋಯಿತು. “ಬೇರೆ ಟೇಬಲ್ಲು ಸಿಕ್ತಲ್ಲಯ್ಯಾ ನಕ್ಷೆ,” ಎಂದರು. ಅವರು ಯಾರ ಮಾತನ್ನು ಹೇಳುತ್ತಿದ್ದಾರೆಂದು ನನಗೆ ತಿಳಿಯಿತು. 

ಅವರ ಉದ್ದೇಶ ಇಷ್ಟೇ. ಡಾಕ್ಟರು ಅವತ್ತು ಆಡಿದ್ದು ತಪ್ಪೋ ಸರಿಯೋ ತಿಳಿಯಬೇಕು. ಆ ಐವತ್ತೆರಡು ಎಲೆಗಳನ್ನು ಹಾಗೆಹಾಗೇ ಹಂಚಿ ಅಪರಿಚಿತರಿಂದ ಆಡಿಸಿ ನೋಡಬೇಕು. ಹಾಗೆ ಮಾಡುವ ಅನುಕೂಲ ಕಂಪ್ಯೂಟರಿನಲ್ಲಿತ್ತು.

“ಸರಿ ಅಂತ ಗೊತ್ತಾದ್ರೆ ಅರಕಲಗೂಡಿಗೆ ಹೋಗಿ ಆಯಮ್ಮನ ಮುಂದೆ ತಪ್ಪು ಒಪ್ಕೋತೀನಿ. ಅಲ್ಲೀವರೆಗೂ ಆ ಹೊಸ್ತಿಲು ತುಳಿಯೋ ಮುಖ ನನಗಿಲ್ಲ,” ಎಂದರು.

“ಸುಮ್ನೆ ಈಗಲೇ ಹೋಗಿ ತಪ್ಪಾಯ್ತಮ್ಮ ಅಂದ್ರೆ ಆಗಲ್ವಾ ಸಾರ್?”

“ತೂಗಿ ನೋಡದೆ ಮುದ್ರೆ ಒತ್ತು ಅಂತೀಯಾ?” ಎಂದು ನನ್ನ ಮೇಲೆ ರೇಗಿದರು.

ಆದರೆ ತೂಗುವುದು ಹೇಗೆ? ಅಲ್ಲಿ ಆಡಲು ಬರುವವರಲ್ಲಿ ಪಂಡಿತರೂ ಇದ್ದರು, ನಿನ್ನೆ ಕಲಿತವರೂ ಇದ್ದರು. ಎಲ್ಲರೂ ಹೆಸರಿನ ಮುಂದೆ ತಾವು ನಿಪುಣರೆಂದು ತಾವೇ ಬರೆದುಕೊಂಡಿರುತ್ತಿದ್ದರು. “ಹದಿನಾರು ಟೇಬಲ್ಲಿನ ಸರಾಸರಿ ಅಂದ್ರೆ ಹದಿನಾರು ತಕ್ಕಡಿ ಸರಾಸರಿ ಕಣಯ್ಯಾ. ಅದ್ರಲ್ಲಿ ಹತ್ತು ಮೋಸದವಾದ್ರೆ ಸರಾಸರೀನೂ ಮೋಸಾನೇ. ಮೊದಲು ಪ್ರತಿಯೊಬ್ಬನ ತೂಕ ಗೊತ್ತಾಗ್ಬೇಕು. ಅದಕ್ಕೊಂದು ಮೂಲದ ಬಟ್ಟು ಬೇಕು. ಏರಬಾರದು, ಇಳೀಬಾರದು.”

“ಅಂಥ ಆಟಗಾರ ಎಲ್ಲಿರ್ತಾನೆ ಸಾರ್? ಇವತ್ತು ಚೆನ್ನಾಗಿ ಆಡಿದೋನು ನಾಳೆ ಕೆಡಿಸ್ತಾನೆ.”

“ಬದುಕಿರೋರಲ್ಲಿ ಇಲ್ಲ,” ಎಂದರು ಸಾಹೇಬರು.

ಮಾರನೆಯ ದಿನದಿಂದ ಅವರು ಸೈಬರಿನಲ್ಲಿ ಎರಡು ಕುರ್ಚಿ ಹಿಡಿಯತೊಡಗಿದರು. ವಾರಕ್ಕೆ ಮೂರು ಮಧ್ಯಾಹ್ನ. ಒಂದರಲ್ಲಿ ತಾವು, ಎಡಗಡೆಯ ಇನ್ನೊಂದು ಖಾಲಿ. ಪರದೆಯ ಮೇಲೆ ಯಾರೋ ನಾಲ್ವರು ಆಡುತ್ತಿದ್ದರೆ ಕಷ್ಟದ ಘಟ್ಟದಲ್ಲಿ ಆ ಕುರ್ಚಿಯ ಕಡೆ ಬಾಗಿ, “ಏನ್ ಡಾಕ್ಟ್ರೇ?” ಎನ್ನುವರು. ಕಿವಿಗೊಟ್ಟು ಒಂದು ಕ್ಷಣ ಕಾಯುವರು. ತಲೆಯಾಡಿಸಿ, ನೋಟ್‌ಬುಕ್ಕಿನ ಬಲಗಡೆಯ ಸಾಲಿನಲ್ಲಿ ಒಂದು ಎಲೆ ಬರೆಯುವರು. ಆಮೇಲೆ ಆ ಆಟಗಾರ ಏನು ಆಡಿದನೆಂದು ನೋಡಿ ಎಡಗಡೆ ಬರೆಯುವರು. ಡಾಕ್ಟರ ಆಟಕ್ಕೆ ಎಷ್ಟು ಹತ್ತಿರವೋ ಅಷ್ಟು ಅವನ ತೂಕ. ಆ ನೋಟ್‌ಬುಕ್ಕನ್ನು ನಾನು ಮುಟ್ಟಲು ಹೋದರೆ ಕರವಸ್ತ್ರ ಮುಂದೆ ಹಿಡಿಯುತ್ತಿದ್ದರು.

ಮುದುಕರ ಹುಚ್ಚು ಎಂದುಕೊಂಡು ನಾನು ಸುಮ್ಮನಿದ್ದೆ. ಹನ್ನೊಂದು ವರ್ಷ ಎದುರಿಗೆ ಕೂತವನ ಆಟವನ್ನು ಊಹೆ ಮಾಡುವುದೇನು ಮಹಾ? ಆದರೆ ಆರು ತಿಂಗಳಾದ ಮೇಲೆ ಒಂದು ದಿನ ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. “ನಾನು ಊಹೆ ಮಾಡಿದ್ದು ಆಟೀನ್ ಮೂರು. ಡಾಕ್ಟ್ರು ಹೇಳ್ತಿರೋದು ಬೇರೆ,” ಎಂದರು. ಆಡಿ ನೋಡಿದಾಗ ಆ ಬೇರೆಯ ಎಲೆಯೇ ಸರಿ ಎಂದಾಯಿತು. ಅಂಥ ಆಟ ಸಾಹೇಬರಿಗೆ ಬರುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಸೈಬರಿನ ಹುಡುಗಿ ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. “ಸಾ, ಆ ಚೇರಲ್ಲಿ ಬೇರೆ ಟೈಮಲ್ಲೂ ಯಾರೂ ಕುಂತ್ಕಳಾಕಿಲ್ಲ ಸಾ. ಕುಂತೋರು ಅಂಗೇ ಎದ್ಬುಡ್ತಾರೆ. ದನ ಕಟ್ಟಿದ್ ವಾಸ್ನೆ ಬತ್ತದಂತೆ. ದಿನಾ ಫಿನಾಯಿಲ್ ಆಕಿ ಒರುಸ್ತೀನಿ, ಓಗಾಕಿಲ್ಲ.”

ನಾನು ಅವಳಿಗೆ ಸಾಹೇಬರ ಡಾಕ್ಟರು ದನದ ಡಾಕ್ಟರೆಂದು ಹೇಳಿರಲಿಲ್ಲ. ಸಾಹೇಬರಂತೂ ಅವಳ ಜೊತೆ ಮಾತೇ ಆಡುತ್ತಿರಲಿಲ್ಲ. “ಕೆಳಗೆ ಹಾಲಿನ ಬೂತಿದೆಯಲ್ಲಮ್ಮಾ, ಅದರದೇ ಇರ್ಬೇಕು,” ಎಂದೆ.

“ಆಲಿನ ವಾಸ್ನೆ ನಂಗ್ ಗೊತ್ತಿಲ್ವಾ ಸಾ? ನಾನು ಬಾಗೂರೋಳು,” ಎಂದಳು.

ಒಂದೂವರೆ ವರ್ಷದಲ್ಲಿ ಸಾಹೇಬರು ಬೇಕಾದಷ್ಟು ಜನರನ್ನು ತೂಗಿ ಮುಗಿಸಿದರು. ಆಮೇಲೆ ಆ ಹಳೆಯ ಆಟವನ್ನು ಹಂಚಿಟ್ಟು, ತೂಗಿದವರಲ್ಲಿ ಇಪ್ಪತ್ತನಾಲ್ಕು ಜನರಿಂದ ಒಬ್ಬೊಬ್ಬರಾಗಿ ಆಡಿಸಿದರು. ಹದಿನಾರು ಜನ ಎಕ್ಕ ರಾಜ ಬಿಟ್ಟು ರಾಣಿಯನ್ನು ಕೆಡವಿ ಗೆದ್ದರು. ಎಂಟು ಜನ ಡಾಕ್ಟರಂತೆಯೇ ಗುಲಾಮನನ್ನು ಆಡಿ ಸೋತರು. ಸುಮ್ಮನೆ ಎಣಿಸಿದರೆ ಡಾಕ್ಟರು ತಪ್ಪು. ಆದರೆ ಗೆದ್ದ ಹದಿನಾರು ಜನ ಕೈಗೆ ಸಿಕ್ಕಿದ ದೊಡ್ಡ ಎಲೆ ಬಿಸಾಕುವ ಹೊಸಬರು. ಸೋತ ಎಂಟು ಜನ ಪಟ್ಟಿಯಲ್ಲಿ ಎಲ್ಲರಿಗಿಂತ ಭಾರದವರು. ಆಟ ಬಾರದವರು ಗೆಲ್ಲುವ, ಬಲ್ಲವರು ಸೋಲುವ ಎಲೆ ಅದು.

“ಸರಿಯಾಗಿ ಆಡಿದಾನೆ ಕಣಯ್ಯಾ!” ಸಾಹೇಬರು ಕೂಗಿಬಿಟ್ಟರು. “ಹಣೆಬರಹ ಕೆಟ್ಟಿತ್ತು ಅಷ್ಟೇ!”

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ನನ್ನ ಬಾಯಿ ಅಂಥದ್ದಲ್ಲ. “ಸಾರ್, ಡಾಕ್ಟರನ್ನ ಬಟ್ಟು ಮಾಡ್ಕೊಂಡು ಇವರನ್ನೆಲ್ಲ ತೂಗಿದ್ರಿ. ಈಗ ಇವರನ್ನಿಟ್ಟುಕೊಂಡು ಡಾಕ್ಟರನ್ನ ತೂಗ್ತಿದೀರಿ. ಡಾಕ್ಟರ ಥರ ಆಡೋರೇ ಭಾರ ಅಂದ್ಮೇಲೆ, ಭಾರದೋರು ಡಾಕ್ಟರ ಥರ ಆಡಿದ್ರೆ ಏನಾಶ್ಚರ್ಯ?” ಎಂದೆ.

ಅವರು ಕುಸಿದು ಕೂತರು. ಇಡೀ ಜೀವಮಾನ ಯಾವ ಕಳ್ಳ ವ್ಯಾಪಾರಿಯ ಮೇಲೆ ಕೇಸು ಹಾಕುತ್ತಿದ್ದರೋ ಅವನು ಮಾಡುವ ಕೆಲಸವನ್ನೇ, ತನ್ನ ಬಟ್ಟನ್ನು ತನ್ನ ಬಟ್ಟಿನಿಂದಲೇ ತೂಗಿ ಸರಿ ಎನ್ನುವುದನ್ನೇ, ತಾವು ಮಾಡಿದ್ದರು. “ಬರಿಗೈಯಲ್ಲಿ ಮುಟ್ಟಿಬಿಟ್ಟೆ,” ಎಂದರು. ಹೇಳಿದ್ದಕ್ಕೆ ನನಗೆ ಅಯ್ಯೋ ಅನ್ನಿಸಿತು.

ಕರೆಂಟು ಹೋಯಿತು. ಯುಪಿಎಸ್ಸು ಕೀಂ ಕೀಂ ಎನ್ನುತ್ತಿತ್ತು. ಸಾಹೇಬರು ಎಡಗಡೆಯ ಕುರ್ಚಿಗೆ ಬಾಗಿ ಮೆಲ್ಲಗೆ, “ನೀವೇ ಹೇಳಿ ಡಾಕ್ಟ್ರೇ. ಅವತ್ತು ಯಾಕೆ ಹಾಗಾಡಿದ್ರಿ?” ಎಂದರು. ಈ ಸಲ ಬಹಳ ಹೊತ್ತು ಕಾದರು. ನನಗೂ ಆ ವಾಸನೆ ಬಂತು. ಹೌದು, ಬಂತು, ಹಾಲಿನ ಬೂತು ಆ ದಿನ ಮುಚ್ಚಿತ್ತು. ಸಾಹೇಬರು ನೋಟ್‌ಬುಕ್ಕಿನ ಬಲಗಡೆಯ ಸಾಲಿನಲ್ಲಿ ನಿಧಾನವಾಗಿ ಒಂದು ಪದ ಬರೆದರು. ಇಣುಕಿ ನೋಡಿದೆ. ಯಾವ ಎಲೆಯ ಹೆಸರೂ ಅಲ್ಲ. ‘ಕಂಡಿತ್ತು’ ಎಂದಿತ್ತು.

“ಏನು ಸಾರ್ ಹಾಗಂದ್ರೆ?”

“ನನಗೂ ಗೊತ್ತಿಲ್ಲ. ಅವನು ಹೇಳಿದ್ದನ್ನ ಬರ್ದೆ,” ಎಂದರು. ನೋಟ್‌ಬುಕ್ಕು ಮುಚ್ಚಿ ಎದ್ದರು. “ಇನ್ನು ಉಳಿದಿರೋದು ಒಂದೇ ಕಡೆ. ನಡಿ, ಅರಕಲಗೂಡಿಗೆ ಹೋಗೋಣ.”

ಎರಡು ದಿನ ಬಿಟ್ಟು ಬೆಳಗ್ಗೆ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿದೆವು. ಸಾಹೇಬರು ಮೂರು ಟಿಕೆಟ್ಟು ಕೇಳಿದರು. ಕಂಡಕ್ಟರು “ಇನ್ನೊಬ್ರೆಲ್ಲಿ ಸಾ?” ಎಂದ. “ಕೂತಿದಾರಲ್ಲ,” ಎಂದು ಪಕ್ಕದ ಖಾಲಿ ಸೀಟು ತೋರಿಸಿದರು. ಕಂಡಕ್ಟರು ನನ್ನ ಮುಖ ನೋಡಿದ, ನಾನು ಕಿಟಕಿಯ ಕಡೆ ನೋಡಿದೆ. ಬಸ್ಸು ತುಂಬಿ, ನಾನು ನಿಂತೇ ಇದ್ದೆ. ಸೊಪ್ಪಿನ ಕುಕ್ಕೆ ಹೊತ್ತ ಹೆಂಗಸೊಬ್ಬಳು ಆ ಸೀಟಿನವರೆಗೂ ಬಂದವಳು ಕೂರಲು ಬಗ್ಗಿ, ಹಾಗೇ ನೆಟ್ಟಗಾದಳು. “ಬ್ಯಾಡ ಬುಡಿ, ನಾನಿಲ್ಲೇ ಕುಂತ್ಕತೀನಿ,” ಎಂದು ನೆಲದ ಮೇಲೆ ಕೂತಳು. ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಡಾಕ್ಟರ ಹೆಂಡತಿ ನಮ್ಮನ್ನು ನೋಡಿ, ನಿನ್ನೆ ಬಂದು ಹೋದವರನ್ನು ಕರೆಯುವಂತೆ ಒಳಗೆ ಕರೆದರು. ಕಾಫಿ ಕೊಟ್ಟರು, ಕೋಡುಬಳೆ ತಂದಿಟ್ಟರು. ಸಾಹೇಬರು ಯಾವುದನ್ನೂ ಮುಟ್ಟದೆ ನಿಂತೇ ಎಲ್ಲವನ್ನೂ ಹೇಳಿದರು: ಆ ಆಟ, ತಾವು ಆಡಿದ ಮಾತು, ಕೆಟ್ಟುಹೋದ ತಮ್ಮ ಲೆಕ್ಕ. “ಅವನು ಮಾಡಿದ್ದು ತಪ್ಪೋ ಸರಿಯೋ ನನಗೆ ತೂಗಕ್ಕಾಗಲಿಲ್ಲಮ್ಮಾ. ನನ್ನ ಕೈಲಿ ಆಗಲಿಲ್ಲ. ಆದ್ರೆ ನಾನು ಆಡಿದ ಮಾತು ತಪ್ಪು,” ಎಂದರು.

ಆಕೆ ಸೆರಗಿನ ತುದಿ ಹಿಡಿದುಕೊಂಡು ಕೇಳುತ್ತಿದ್ದರು. “ಅವತ್ತು ಇವರು ಮನೆಗೆ ಬಂದು ನಗ್ತಾನೇ ಇದ್ರು ಸಾಹೇಬ್ರೇ. ಏನ್ರೀ ಅಂದೆ. ‘ವಕೀಲರ ಕೈ ನಡುಗಿ ಎಲೆ ನನ್ನ ಕಡೆಗೆ ವಾಲಿಬಿಡ್ತು ಕಣೇ. ರಾಣಿ ಕಂಡಿತ್ತು. ಎಕ್ಕ ರಾಜ ಬಿಟ್ಟಿದ್ರೆ ಕಪ್ಪು ನಮ್ಮದೇ. ಆದ್ರೆ ಕದ್ದು ನೋಡಿದ ಹಾಗಾಗ್ತಿತ್ತು. ಕಾಣದೇ ಇದ್ದಿದ್ರೆ ಹೇಗೆ ಆಡ್ತಿದ್ನೋ ಹಾಗೇ ಆಡಿ ಬಂದೆ’ ಅಂದ್ರು. ಅದನ್ನ ಸಾಹೇಬ್ರಿಗೆ ಹೇಳ್ಬಾರದೇನ್ರೀ ಅಂದೆ. ‘ಹೇಳಿದ್ರೆ ಆ ಮುದುಕರ ಮರ್ಯಾದೆ ಹೋಗುತ್ತೆ. ಸಾಹೇಬ್ರು ಹೇಗಾದ್ರೂ ಕಂಡು ಹಿಡೀತಾರೆ ಬಿಡು’ ಅಂದ್ರು.”

ನಿಯಮದ ಪ್ರಕಾರ, ಎದುರಾಳಿ ತಾನಾಗಿ ತೋರಿಸಿದ ಎಲೆಯನ್ನು ನೋಡಿ ಆಡಿದರೆ ತಪ್ಪೇನೂ ಇಲ್ಲ. ಅದು ಡಾಕ್ಟರಿಗೂ ಗೊತ್ತಿತ್ತು. ನನಗೆ ಅವರು ಕಣ್ಣು ಮುಚ್ಚಿ ಕೂತಿದ್ದದ್ದು ನೆನಪಾಯಿತು. “ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ ಅಮ್ಮಾ?” ಎಂದು ಕೇಳಿದೆ.

“ಇಸ್ಪೀಟಿನ ಮಾತನ್ನ ನನ್ನ ಹತ್ರ ಯಾರು ಆಡ್ತಾರೆ? ಇಷ್ಟು ವರ್ಷಕ್ಕೆ ನೀವೇ ಮೊದಲು ಬಂದಿದ್ದು.”

ಸಾಹೇಬರು ಚೀಲದಿಂದ ನೋಟ್‌ಬುಕ್ಕು ತೆಗೆದು ಆ ಪುಟ ಬಿಡಿಸಿ ಆಕೆಯ ಮುಂದಿಟ್ಟರು. ಆಕೆ ಬಲಗಡೆಯ ಸಾಲಿನ ಆ ಒಂದು ಪದದ ಮೇಲೆ ಬೆರಳು ಆಡಿಸಿದರು, ಬರಿಗೈಯಲ್ಲಿ. ಸಾಹೇಬರು ಬೇಡ ಎನ್ನಲಿಲ್ಲ. ಎಡಗಡೆಯ ಜೇಬಿನ ಕರವಸ್ತ್ರ ತೆಗೆದು, ಮಡಿಕೆ ಬಿಡಿಸಿ, ಅದರಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟರು. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಬಂದೆವು.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ನಾನು ಅಭ್ಯಾಸದಂತೆ ಕಂಬಿ ಹಿಡಿದು ನಿಂತೆ. ಕಂಡಕ್ಟರು ಬಂದಾಗ ಸಾಹೇಬರು “ಎರಡು ಹೊಳೆನರಸೀಪುರ” ಎಂದರು. ಆಮೇಲೆ ಪಕ್ಕದ ಸೀಟನ್ನು ಕೈಯಿಂದ ತಟ್ಟಿದರು.

“ಕೂತ್ಕೊಳ್ಳಯ್ಯಾ ನಕ್ಷೆ,” ಎಂದರು. “ಅವನು ಮನೇಲಿ ಇಳ್ಕೊಂಡ.”

ನಾನು ಕೂತೆ. ಆದರೆ ಹೊಳೆನರಸೀಪುರ ಬರುವವರೆಗೂ ಸೀಟಿನ ಅಂಚಿನಲ್ಲೇ ಕೂತಿದ್ದೆ.